ಫೋಟೊ ಇದೆ, ಪಾಠ ಸಿಗುತ್ತಿಲ್ಲ

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ, ವಿಜ್ಞಾನ. ಬೋರ್ಡ್, ಗೆಳತಿಯರ ನೋಟ್ಸು, ಟೆಸ್ಟ್ ಪೇಪರು ಅಂತ ಮೊಬೈಲಿನಲ್ಲಿ ಸಾವಿರಕ್ಕೂ ಮಿಕ್ಕಿ ಫೋಟೊ. ಹುಡುಕಿದರೆ ಸಿಗುವುದಿಲ್ಲ, ಸಿಕ್ಕರೂ ಯಾಕೆ ತೆಗೆದೆ ಎಂಬುದೇ ಅವಳಿಗೆ ನೆನಪಿಲ್ಲ. ಏನು ಮಾಡಲಿ?
ಓದುಗರೊಬ್ಬರು, ಹಾಸನ

ಉತ್ತರ: ತೆಗೆದ ದಿನಾಂಕ, ಸಮಯವನ್ನು ಕ್ಯಾಮೆರಾ ತಾನಾಗಿಯೇ ಫೋಟೊದೊಳಗೆ ಬರೆದಿಡುತ್ತದೆ. ಇದೇ ಮೆಟಾಡೇಟಾ. ವಾಟ್ಸಾಪಿನಲ್ಲಿ ಫೋಟೊವಾಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ. ಗೆಳತಿಯರಿಗೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ.

‘ಯಾಕೆ ತೆಗೆದೆ’ ಎಂಬುದನ್ನು ಮಾತ್ರ ಯಾವ ಕ್ಯಾಮೆರಾವೂ ಬರೆಯದು. ಅದನ್ನು ಮಗಳೇ, ಅದೇ ದಿನ ಸಂಜೆ, ಫೈಲಿನ ಹೆಸರಿನಲ್ಲಿ ಸೇರಿಸಬೇಕು: 2025-07-14_ಭೌತ_ಕನ್ನಡಿ_ಚಿಹ್ನೆತಪ್ಪು. ವರ್ಷ ಮೊದಲಿರಲಿ. ದಿನ ಮೊದಲು ಬರೆದರೆ ಡಿಸೆಂಬರಿನ 01, ಜೂನಿನ 02ಕ್ಕಿಂತ ಮೇಲೆ ಬಂದು ಕೂರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಕ್ಯಾಪ್ಷನ್ ಬರೆದರೂ ಹುಡುಕಲು ಸಿಗುತ್ತದೆ, ಆದರೆ ಅದು ಫೈಲಿನೊಳಗೆ ಸೇರುವುದಿಲ್ಲ.

ವಿಷಯದ ಹೆಸರಿಗಿಂತ ತಪ್ಪಿನ ಹೆಸರು ಮುಖ್ಯ. ನಾಲ್ಕೇ ಸಾಕು: ಗೊತ್ತಿರಲಿಲ್ಲ, ಮರೆತೆ, ಚಿಹ್ನೆತಪ್ಪು (ಪ್ಲಸ್-ಮೈನಸ್ ಗೊಂದಲ), ಪ್ರಶ್ನೆ ಸರಿಯಾಗಿ ಓದಲಿಲ್ಲ. ಪಾಠದ ಹೆಸರೂ ಒಂದೇ ಇರಲಿ; ಇಲ್ಲದಿದ್ದರೆ ‘ವಿದ್ಯುತ್’, ‘ಕರೆಂಟ್’, ‘ಎಲೆಕ್ಟ್ರಿಸಿಟಿ’ ಎಂದು ಒಂದೇ ಪಾಠ ಮೂರು ಕಡೆ ಚದುರುತ್ತದೆ. ಜೊತೆಗೆ ಒಂದು ಸಾಲಿನ ಟಿಪ್ಪಣಿ. ಉದಾಹರಣೆಗೆ, ನಾಭಿದೂರ 15 ಸೆಂ.ಮೀ. ಇರುವ ನಿಮ್ನ ಕನ್ನಡಿ, ವಸ್ತು 20 ಸೆಂ.ಮೀ. ದೂರದಲ್ಲಿ: ‘ವಸ್ತುದೂರಕ್ಕೆ ಮೈನಸ್ ಹಾಕಲಿಲ್ಲ, ಪ್ರತಿಬಿಂಬದ ದೂರ -60 ಬದಲು -8.6 ಬಂತು, ಕಿರಣಚಿತ್ರ ಬರೆಯದೆ ಲೆಕ್ಕಕ್ಕೆ ಇಳಿದೆ.’ ಕೊನೆಯ ಭಾಗ ಬರೆಯಲು ಅವಳು ಒಂದು ನಿಮಿಷ ಯೋಚಿಸಲೇಬೇಕು. ಹಾಗಾಗಿ ನೀವು ಬರೆದುಕೊಡಬೇಡಿ.

ಓದಿದ್ದರಲ್ಲಿ ಹೆಚ್ಚಿನದು ಮೊದಲ ಗಂಟೆಗಳಲ್ಲೇ ಜಾರುತ್ತದೆಂದು ಜರ್ಮನ್ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಆದ್ದರಿಂದ ಮರುದಿನ, ಮೂರನೇ, ಏಳನೇ, ಇಪ್ಪತ್ತೊಂದನೇ ದಿನ ಆ ಫೈಲಿನ ಹೆಸರನ್ನಷ್ಟೇ ನೋಡಿ, ನೆನಪಿರುವುದನ್ನು ಎರಡು ನಿಮಿಷ ಹಾಳೆಯ ಮೇಲೆ ಬರೆಯಲಿ, ಆಮೇಲೆ ಫೋಟೊ ತೆರೆಯಲಿ. (ಒಂದೆರಡು ದಿನ ಆಚೀಚೆ ಆದರೆ ತೊಂದರೆಯಿಲ್ಲ.) ಮೊದಲೇ ತೆರೆದರೆ ‘ಇದು ಗೊತ್ತಲ್ಲ’ ಅನ್ನಿಸಿಬಿಡುತ್ತದೆ; ಕಣ್ಣಿಗೆ ಪರಿಚಯವಾದದ್ದು ಪರೀಕ್ಷೆಯಲ್ಲಿ ಕೈಗೆ ಬರುವುದಿಲ್ಲ.

ತಿಂಗಳಿಗೊಮ್ಮೆ ‘ಚಿಹ್ನೆತಪ್ಪು’ ಎಂದು ಹುಡುಕಿ ಎಷ್ಟು ಬಂದವೆಂದು ಎಣಿಸಲಿ. ಹನ್ನೆರಡು ಬಂದು ‘ಮರೆತೆ’ ಎರಡೇ ಇದ್ದರೆ, ಸೂತ್ರ ಉರು ಹೊಡೆಯುವುದರಿಂದ ಪ್ರಯೋಜನವಿಲ್ಲ. ಚಿತ್ರ ಬರೆಯುವ ಅಭ್ಯಾಸವೇ ಬೇಕು.

ಹಳೆಯ ಸಾವಿರ ಫೋಟೊಗಳಿಗೆ ಹೆಸರಿಡಲು ಕೂರಬೇಡಿ. ಈ ತಿಂಗಳ ಪಾಠದವನ್ನಷ್ಟೇ ಎತ್ತಿ, ಉಳಿದವನ್ನು ಒಂದು ಫೋಲ್ಡರಿಗೆ ತಳ್ಳಿ.