ಎರಡು ವಾರದ ಪಥ್ಯ ಮುಗಿದ ಮೇಲೆ ಬೆಣ್ಣೆದೋಸೆ ತಿನ್ನಬಹುದಾ?

ಅಟ್ಕಿನ್ಸ್ ಅಂದರೆ ಕಾರ್ಬ್ (ಅನ್ನ, ಹಿಟ್ಟು, ಸಕ್ಕರೆಯಲ್ಲಿರೋ ಕಾರ್ಬೋಹೈಡ್ರೇಟ್) ಕಡಿಮೆ ಮಾಡಿ ತೂಕ ಇಳಿಸೋ ಪಥ್ಯ. ಅದರ ಮೊದಲ ಹಂತ, ಅಂದರೆ ದಿನಕ್ಕೆ 20 ಗ್ರಾಂ ಕಾರ್ಬ್, ಎರಡು ವಾರ ಮುಗಿಸಿದ್ದೀರಿ. ದಾವಣಗೆರೆಯಲ್ಲಿದ್ದು ಬೆಣ್ಣೆದೋಸೆ ಆಸೆ ತಡೆಯೋದು ಎಷ್ಟು ಕಷ್ಟ ಅಂತ ಗೊತ್ತು, ಆದರೆ ಈಗಲೇ ಬೇಡ. ಎರಡನೇ ಹಂತದಲ್ಲಿ ದಿನದ ಲೆಕ್ಕವನ್ನು ವಾರಕ್ಕೆ 5 ಗ್ರಾಂ ಮಾತ್ರ ಏರಿಸಬೇಕು: ಈ ವಾರ ದಿನಕ್ಕೆ 25, ಮುಂದಿನ ವಾರ 30. ಶೇಂಗಾದಿಂದ ಶುರುಮಾಡಿ. ಒಂದು ಹಿಡಿ, ಸುಮಾರು 30 ಗ್ರಾಂ ಶೇಂಗಾದಲ್ಲಿ ನಾರು ಕಳೆದರೆ ಉಳಿಯೋದು 2-3 ಗ್ರಾಂ ಕಾರ್ಬ್ ಅಷ್ಟೇ. ಆಮೇಲೆ ಕರಬೂಜ, ಸ್ವಲ್ಪ ಹೆಸರುಕಾಳು. ಜೋಳದ ರೊಟ್ಟಿ, ಮುದ್ದೆ ಕೊನೆಗೆ; 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲೇ 60 ಗ್ರಾಂ ದಾಟುತ್ತೆ. ಮಂಡಕ್ಕಿಯಂತೂ ಬಹುಪಾಲು ಕಾರ್ಬೇ. ತೂಕ ಇಳಿಯೋದು ನಿಂತರೆ ಹಿಂದಿನ ವಾರದ ಲೆಕ್ಕಕ್ಕೆ ವಾಪಸ್ ಬನ್ನಿ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೋತಿದ್ದರೆ ಮೊದಲು ಡಾಕ್ಟರನ್ನು ಕೇಳಿ, ಡೋಸ್ ಬದಲಿಸಬೇಕಾಗಬಹುದು.