ಎದುರು ಕಡೆಯ ವಕೀಲರು ಕಳಿಸಿದ ಇಎಸ್‌ಐ ಪ್ರೊಟೊಕಾಲ್‌ಗೆ ಒಪ್ಪುವ ಮುಂಚೆ ಐಟಿಯವರು ಏನು ನೋಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ನ್ಯೂಜೆರ್ಸಿಯ ಒಂದು ಸಣ್ಣ ಕಂಪನಿಯಲ್ಲಿ ಐಟಿ ನೋಡಿಕೊಳ್ಳುತ್ತಿದ್ದೀರಿ. ಕಂಪನಿ ಮೇಲೆ ಫೆಡರಲ್ ಕೋರ್ಟಿನಲ್ಲಿ ಕೇಸು ಬಿದ್ದಿದೆ. ಇಮೇಲ್, ಫೈಲುಗಳನ್ನೆಲ್ಲ ಹೇಗೆ ಕೊಡಬೇಕು ಅಂತ ಎದುರು ಕಡೆಯವರು ಒಂದು ಒಪ್ಪಂದದ ಕರಡು ಕಳಿಸಿದ್ದಾರೆ. ಇದನ್ನೇ ಇಎಸ್‌ಐ ಪ್ರೊಟೊಕಾಲ್ ಅನ್ನುವುದು, ಇಎಸ್‌ಐ ಅಂದರೆ ಕಂಪ್ಯೂಟರುಗಳಲ್ಲಿರುವ ಮಾಹಿತಿ. ನಿಮ್ಮ ವಕೀಲರು ಇದೆಲ್ಲ ಮಾಮೂಲಿ ಅನ್ನುತ್ತಿದ್ದಾರೆ. ಇದರಲ್ಲಿ ನೀವು ತಲೆ ಹಾಕಬೇಕಾ ಅಂತ ಕೇಳಿದ್ದೀರಿ.

ಖಂಡಿತ ಹಾಕಿ. ನಾನು ಬೆಂಗಳೂರಿನಲ್ಲಿ ಕೂತು ಅಮೆರಿಕದ ಕೇಸುಗಳ ಇ-ಡಿಸ್ಕವರಿ, ಅಂದರೆ ಕೇಸಿಗೆ ಬೇಕಾದ ಡಿಜಿಟಲ್ ದಾಖಲೆ ಹುಡುಕಿ ಕೊಡುವ ಕೆಲಸ ಮಾಡುತ್ತೇನೆ. ನಾನು ವಕೀಲನಲ್ಲ. ಡೇಟಾ ಪ್ರಾಸೆಸ್ ಮಾಡಿ ಎದುರು ಪಕ್ಷಕ್ಕೆ ಕಳಿಸುವ ತಂಡದವನು. ಒಪ್ಪಂದ ಬರೆಯುವವರು ವಕೀಲರು, ಅದರಂತೆ ಮಾಡಿ ತೋರಿಸಬೇಕಾದವರು ನಮ್ಮ ನಿಮ್ಮಂಥವರು. ಜಡ್ಜ್ ಸಹಿ ಹಾಕಿದರೆ ಅದು ಕೋರ್ಟ್ ಆದೇಶವೇ ಆಗುತ್ತದೆ. ಆಮೇಲೆ "ನಮ್ಮ ಸಿಸ್ಟಮ್‌ನಲ್ಲಿ ಅದು ಬರಲ್ಲ" ಅಂದರೆ ಕೇಳುವವರಿಲ್ಲ.

ಟಿಕೆಟ್ ಮಾರಾಟದ ವೆಬ್‌ಸೈಟ್ ಸ್ಟಬ್‌ಹಬ್‌ನ ಕೇಸು ನೋಡಿ. ಕೋವಿಡ್ ಸಮಯದಲ್ಲಿ ರದ್ದಾದ ಕಾರ್ಯಕ್ರಮಗಳ ಟಿಕೆಟ್ ಹಣದ ಬಗ್ಗೆ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ನಡೆದ ಕೇಸು ಅದು. ಇಮೇಲ್ ಒಳಗೆ ಲಿಂಕ್ ಇದ್ದರೆ, ಆ ಲಿಂಕಿನ ಫೈಲನ್ನೂ ಅಟ್ಯಾಚ್‌ಮೆಂಟ್ ಥರವೇ ಜೋಡಿಸಿ ಕೊಡುತ್ತೇವೆ ಅಂತ ಕಂಪನಿ ಪ್ರೊಟೊಕಾಲ್‌ನಲ್ಲಿ ಒಪ್ಪಿತ್ತು. ಕೊಡುವ ಹೊತ್ತಿಗೆ ಎಷ್ಟೋ ಲಿಂಕುಗಳ ಫೈಲು ಜೋಡಿಸಲು ಆಗಲಿಲ್ಲ. 2023ರ ಏಪ್ರಿಲ್‌ನಲ್ಲಿ ಮ್ಯಾಜಿಸ್ಟ್ರೇಟ್ ಜಡ್ಜ್ ಥಾಮಸ್ ಹಿಕ್ಸನ್, ಒಪ್ಪಿದ್ದೀರಿ ತಾನೇ, ಮಾಡಿ ಅಂದರು. ಆಗದಿದ್ದರೆ ಏನೇನು ಪ್ರಯತ್ನ ಮಾಡಿದಿರಿ ಅಂತ ಪ್ರಮಾಣ ಮಾಡಿ ಹೇಳಲು ವಿಷಯ ಗೊತ್ತಿರುವವರನ್ನು ಕಳಿಸಿ ಅಂದರು. 2024ರ ಮೇ ತಿಂಗಳಲ್ಲಿ, ಇದು ತಾಂತ್ರಿಕವಾಗಿ ಆಗುವ ಮಾತಲ್ಲ ಅಂತ ಒಪ್ಪಿ ಅವರೇ ಆ ಷರತ್ತನ್ನು ಬದಲಿಸಿದರು. ಆದರೆ ಅಲ್ಲಿಯವರೆಗೆ ನಡೆದ ಜಗಳ, ಅದಕ್ಕಾದ ಖರ್ಚು? ಸಹಿಗೆ ಮುಂಚೆ ಒಬ್ಬ ಐಟಿ ಎಂಜಿನಿಯರ್‌ನ ಕೂರಿಸಿಕೊಂಡು ಹತ್ತು ಇಮೇಲ್ ಇಟ್ಟು ಪರೀಕ್ಷೆ ಮಾಡಿದ್ದರೆ ತೊಂದರೆ ಆಗಲೇ ಕಣ್ಣಿಗೆ ಬೀಳುತ್ತಿತ್ತು ಅಂತ ನನ್ನ ನಂಬಿಕೆ.

ಲಿಂಕಿನಲ್ಲಿ ಇನ್ನೊಂದು ತೊಡಕಿದೆ. ಇಮೇಲ್ ಕಳಿಸಿದ ದಿನ ಆ ಗೂಗಲ್ ಡಾಕ್ ಹೇಗಿತ್ತೋ ಇವತ್ತು ಹಾಗೆ ಇರಬೇಕಾಗಿಲ್ಲ. ಯಾವ ದಿನದ ರೂಪ ಕೊಡುತ್ತೀರಿ? ಕರಡಿನಲ್ಲಿ ಅದು ಇದೆಯಾ ನೋಡಿ. ತೂಕ ಇಳಿಸುವ ಆ್ಯಪ್ ಕಂಪನಿ ನೂಮ್ ಮೇಲೆ ನ್ಯೂಯಾರ್ಕಿನಲ್ಲಿ ನಡೆದ ಕೇಸಿನಲ್ಲಿ 2021ರಲ್ಲಿ ಜಡ್ಜ್ ಕ್ಯಾಥರಿನ್ ಪಾರ್ಕರ್, ಲಿಂಕ್ ಇದ್ದ ಮಾತ್ರಕ್ಕೆ ಅದು ಅಟ್ಯಾಚ್‌ಮೆಂಟ್ ಆಗಲ್ಲ ಅಂದರು. ಬೇಕಾದ ಲಿಂಕುಗಳನ್ನು ಹೆಸರಿಸಿ ಕೇಳಲು ಎದುರು ಪಕ್ಷಕ್ಕೆ ದಾರಿ ಬಿಟ್ಟರು. ಅಲ್ಲಿನ ಪ್ರೊಟೊಕಾಲ್‌ನಲ್ಲಿ ಲಿಂಕಿನ ಮಾತೇ ಇರಲಿಲ್ಲ. ಹಾಗಾಗಿ ನಿಮ್ಮ ಕರಡಿನಲ್ಲಿ ಸ್ಟಬ್‌ಹಬ್‌ನ ಹಾಗೆ "ಎಲ್ಲಾ ಲಿಂಕುಗಳು" ಅಂತ ಇದ್ದರೆ, "ಕೇಳಿದ ಲಿಂಕುಗಳನ್ನು, ಸಾಧ್ಯವಾದ ಮಟ್ಟಿಗೆ" ಅಂತ ಬದಲಿಸಲು ವಕೀಲರಿಗೆ ಹೇಳಿ. ಕೇಳಿದರೆ ಎಷ್ಟು ದಿನದಲ್ಲಿ ಕೊಡುತ್ತೀರಿ ಅನ್ನುವುದನ್ನೂ ಬರೆಸಿ. ಸುಮ್ನೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದರೆ ಮುಂದೆ ಎರಡೂ ಕಡೆಯವರು ಅದೇ ಸಾಲು ಹಿಡಿದು ಕಿತ್ತಾಡುತ್ತಾರೆ.

ದಾಖಲೆ ಹುಡುಕಲು ಎದುರು ಕಡೆಯವರು ಕೊಡುವ ಕೀವರ್ಡ್ ಪಟ್ಟಿಗೆ ಹಿಟ್ ರಿಪೋರ್ಟ್ ಇಲ್ಲದೆ ಯಾವತ್ತೂ ಒಪ್ಪಬೇಡಿ. ಪ್ರತಿ ಪದಕ್ಕೆ ಎಷ್ಟು ದಾಖಲೆ ಸಿಗುತ್ತದೆ, ಅದರಲ್ಲಿ ಬೇರೆ ಯಾವ ಪದಕ್ಕೂ ಸಿಗದವು ಎಷ್ಟು ಅಂತ ಅದು ತೋರಿಸುತ್ತದೆ. ಒಂದು ಕೇಸಿನಲ್ಲಿ "ಕಾನ್ಫಿಡೆನ್ಷಿಯಲ್" ಅನ್ನುವ ಪದ ಹಾಕಿದ್ದರು. ಕಂಪನಿಯ ಪ್ರತಿ ಇಮೇಲಿನ ಅಡಿಯಲ್ಲೂ ಬರುವ ಡಿಸ್‌ಕ್ಲೈಮರ್‌ನಲ್ಲೇ ಆ ಪದ ಇತ್ತು! ಮೇಲ್‌ಬಾಕ್ಸ್ ಪೂರ್ತಿ ಎದ್ದು ಬಂತು. ರಿಪೋರ್ಟ್ ಮುಂದಿಟ್ಟ ಮೇಲೆ ಎದುರು ವಕೀಲರು ಮಾತಿಲ್ಲದೆ ಆ ಪದ ಬಿಟ್ಟರು. ಲೆಕ್ಕ ಕಣ್ಣೆದುರು ಇದ್ದರೆ ಚೌಕಾಶಿ ಸಲೀಸು.

ಫಾರ್ಮ್ಯಾಟ್ ವಿಷಯಕ್ಕೆ ಜಾಸ್ತಿ ಹೇಳಲ್ಲ. ಇಮೇಲ್‌ಗಳು ಟಿಫ್ ಚಿತ್ರವಾಗಿ, ಮೆಟಾಡೇಟಾದ (ಯಾರು ಯಾವಾಗ ಕಳಿಸಿದರು ಅನ್ನುವಂಥ ವಿವರಗಳ) ಲೋಡ್ ಫೈಲ್ ಜೊತೆ ಹೋದರೆ ಸಾಕು. ಎಕ್ಸೆಲ್ ಮಾತ್ರ ನೇಟಿವ್ ಆಗಿ, ಅಂದರೆ ಮೂಲ ಫೈಲಾಗಿಯೇ ಹೋಗಲಿ, ಚಿತ್ರ ಮಾಡಿದರೆ ಫಾರ್ಮುಲಾ ಕಾಣಲ್ಲ. ಟೈಮ್ ಝೋನ್ ಯಾವುದು ಅಂತ ಬರೆಸುವುದನ್ನು ಮರೆಯಬೇಡಿ. ಜೂನ್ 30ರ ರಾತ್ರಿ 9.30ಕ್ಕೆ ನ್ಯೂಜೆರ್ಸಿಯಿಂದ ಹೋದ ಮೇಲ್ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ ಜುಲೈ 1ರ ಬೆಳಗಿನ ಜಾವ 1.30 ಅಂತ ಕಾಣುತ್ತದೆ. ಕಾಂಟ್ರ್ಯಾಕ್ಟಿನ ಗಡುವು ಜೂನ್ 30 ಆಗಿದ್ದರೆ ಏನಾಗುತ್ತದೆ ಯೋಚಿಸಿ.

ಡೇಟಾ ಎಲ್ಲೆಲ್ಲಿದೆ ಅಂತ ಈಗಲೇ ಒಂದು ಹಾಳೆಯಲ್ಲಿ ಬರೆದಿಡಿ. ಕಚೇರಿ ಚಾಟ್‌ಗೆ ಸ್ಲಾಕ್ ಇದ್ದರೆ ಯಾವ ಪ್ಲಾನ್ ಅಂತ ನೋಡಿ. ಖಾಸಗಿ ಮೆಸೇಜ್ ಎಕ್ಸ್‌ಪೋರ್ಟ್ ಆಗುವುದು ಅದರ ಮೇಲೇ ನಿಂತಿದೆ. ತಾನಾಗಿ ಡಿಲೀಟ್ ಆಗುವ ಸೆಟ್ಟಿಂಗ್ ಎಲ್ಲಿದ್ದರೂ ವಕೀಲರಿಗೆ ತಿಳಿಸಿ ಇವತ್ತೇ ನಿಲ್ಲಿಸಿ. ಹಳೇ ಬ್ಯಾಕಪ್ ಟೇಪ್‌ನಿಂದ ತೆಗೆಯಲು ತೀರಾ ದುಬಾರಿ ಅಂತಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ಫೆಡರಲ್ ಸಿವಿಲ್ ಕೇಸುಗಳ ನಿಯಮಾವಳಿಯ ರೂಲ್ 26 ಅಂಥದ್ದಕ್ಕೆ ಅವಕಾಶ ಕೊಡುತ್ತದೆ. ಎರಡೂ ಕಡೆಯ ವಕೀಲರು ಕೂತು ಮಾತಾಡುವ ರೂಲ್ 26(ಎಫ್) ಸಭೆ, ಕೇಸಿನ ವೇಳಾಪಟ್ಟಿ ಗೊತ್ತುಮಾಡುವ ಶೆಡ್ಯೂಲಿಂಗ್ ಕಾನ್ಫರೆನ್ಸ್‌ಗೆ ಕನಿಷ್ಠ 21 ದಿನ ಮುಂಚೆ ಆಗಬೇಕು. ನಿಮ್ಮ ಹಾಳೆ ಅಷ್ಟರೊಳಗೆ ವಕೀಲರ ಕೈಯಲ್ಲಿರಲಿ.

ಇನ್ನೊಂದು ಮುಖ್ಯ ವಿಷಯ ಕ್ಲಾಬ್ಯಾಕ್, ಅಂದರೆ ತಪ್ಪಿ ಕೊಟ್ಟ ದಾಖಲೆ ವಾಪಸ್ ಪಡೆಯುವುದು. ಸಾವಿರಾರು ದಾಖಲೆ ಹೋಗುವಾಗ, ಕಂಪನಿ ಮತ್ತು ವಕೀಲರ ನಡುವಿನ ಗುಟ್ಟಿನ ಇಮೇಲ್ ಒಂದೆರಡು ನುಸುಳಿ ಹೋಗುವ ಸಾಧ್ಯತೆ ಇದ್ದೇ ಇರುತ್ತದೆ. ಅದನ್ನು ವಾಪಸ್ ಪಡೆಯಲು ಎರಡು ಪಕ್ಷಗಳ ನಡುವಿನ ಒಪ್ಪಂದ ಸಾಲದು, ಅದು ಆ ಇಬ್ಬರನ್ನು ಮಾತ್ರ ಕಟ್ಟುತ್ತದೆ. ನಾಳೆ ಇನ್ಯಾರೋ ಇನ್ನೊಂದು ಕೋರ್ಟಿನಲ್ಲಿ ಅದೇ ಇಮೇಲ್ ಕೇಳಬಹುದು, ಅಲ್ವಾ? ಎವಿಡೆನ್ಸ್ ರೂಲ್ಸ್‌ನ 502(ಡಿ) ಅಡಿಯಲ್ಲಿ ಜಡ್ಜ್ ಆದೇಶ ಕೊಟ್ಟರೆ ಅದು ಬೇರೆ ಫೆಡರಲ್ ಕೋರ್ಟು, ರಾಜ್ಯದ ಕೋರ್ಟುಗಳಲ್ಲೂ ನಡೆಯುತ್ತದೆ. 2008ರಿಂದ ಈ ರೂಲ್ ಇದೆ. ಆದರೂ ಈ ಆದೇಶದ ಮಾತೇ ಇಲ್ಲದ ಕರಡುಗಳು ಈಗಲೂ ನನ್ನ ಕೈಗೆ ಬರುತ್ತವೆ. ನಿಮ್ಮದರಲ್ಲೂ ಇಲ್ಲದಿದ್ದರೆ, ವಕೀಲರಿಗೆ ಮೊದಲು ಇದನ್ನೇ ಕೇಳಿ.