ಬಣ್ಣ ಹೊಡೆಸಿ ಮುಚ್ಚಿದ ಸೋರಿಕೆಯನ್ನು ಕೊಳ್ಳುವವರಿಗೆ ಹೇಳಬೇಕೇ?

ತಾರಸಿ ಸೋರುತ್ತಿತ್ತು, ರಿಪೇರಿ ಮಾಡಿಸಿ ಬಣ್ಣ ಹೊಡೆಸಿದ್ದೀನಿ, ಕೊಳ್ಳುವವರು ಕೇಳದಿದ್ದರೂ ಹೇಳಬೇಕಾ ಅಂತ ಕೇಳಿದ್ದೀರಿ. ಹೇಳಿ. ರಿಪೇರಿಯ ನಂತರ ಮಳೆಗಾಲ ಕಳೆದರೂ ಹನಿ ಬಿದ್ದಿಲ್ಲ ಅಂದರೆ ಅದು ಹಳೆಯ ಸಂಗತಿ, ಆದರೂ ಹೇಳುವುದೇ ಕ್ಷೇಮ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ನೋಡುವುದು ಇಷ್ಟು: ದೋಷ ಗಂಭೀರವೇ, ನಿಮಗೆ ಗೊತ್ತಿದ್ದು ಅವರಿಗೆ ಗೊತ್ತಿಲ್ಲವೇ, ಸಾಮಾನ್ಯ ಎಚ್ಚರದಿಂದ ನೋಡಿದರೂ ಅದು ಸಿಗುವುದಿಲ್ಲವೇ. ಮೂರೂ ಹೌದಾದರೆ, ಹೇಳದಿರುವುದನ್ನೇ ಕಾಯ್ದೆ ವಂಚನೆ ಎನ್ನುತ್ತದೆ. ಗೋಡೆಯ ಮೇಲೆ ಎದ್ದು ಕಾಣುವ ಬಿರುಕನ್ನು ತೋರಿಸದಿದ್ದರೆ ನಡೆಯುತ್ತದೆ. ಅದಕ್ಕೇ ಪುಟ್ಟಿ ತುಂಬಿ ಬಣ್ಣ ಬಳಿದರೆ ಕಾಣುವ ದೋಷವನ್ನು ನೀವೇ ಅಡಗಿಸಿದಂತೆ. ನಿಮ್ಮ ವಿಷಯದಲ್ಲಿ ತೊಡಕು ಇರುವುದು ಆ ಬಣ್ಣದಲ್ಲೇ.

‘ಇದ್ದ ಸ್ಥಿತಿಯಲ್ಲೇ ಮಾರಾಟ’ ಅಂತ ಬರೆಸಿದರೆ ಸಾಕು ಎನ್ನುವವರು ಸಿಗುತ್ತಾರೆ. ಬೇಕೆಂದೇ ಮುಚ್ಚಿಟ್ಟಿದ್ದಕ್ಕೆ ಆ ಸಾಲು ರಕ್ಷಣೆ ಕೊಡುತ್ತದೆ ಅಂತ ನಂಬಬೇಡಿ. ದಾವೆಯ ಕಾಲಮಿತಿ 3 ವರ್ಷವಾದರೂ ಲೆಕ್ಕ ಶುರುವಾಗುವುದು ವಂಚನೆ ತಿಳಿದ ದಿನದಿಂದ, ನೋಂದಣಿಯ ದಿನದಿಂದಲ್ಲ.

ಬಾಯಿಮಾತಲ್ಲಿ ಹೇಳಿದರೆ ನಾಳೆ ಸಾಕ್ಷಿ ಇರದು. ಯಾವ ಕೋಣೆ, ಯಾವ ವರ್ಷ, ಏನು ರಿಪೇರಿ ಎಂದು ಕ್ರಯದ ಕರಾರಿನಲ್ಲೇ ಬರೆಸಿ, ಬಿಲ್ಲು, ಫೋಟೊ ಲಗತ್ತಿಸಿ ಅವರ ಸಹಿ ಪಡೆಯಿರಿ. ಮುಂಗಡ ತೆಗೆದುಕೊಳ್ಳುವ ಮೊದಲೇ. ಅಡಮಾನ, ಕೋರ್ಟ್ ಕೇಸು, ಪಾಲುದಾರರ ತಕರಾರು ಇದ್ದರೆ ಅವೂ ಅದೇ ಪುಟಕ್ಕೆ ಬರಲಿ. ಹಕ್ಕಿನ ದೋಷಕ್ಕೂ ಇದೇ ಕಲಮು.